ಬೆಂಡೆ ಎಲೆ ಹಳದಿಯಾಯ್ತಾ? ಗೊಬ್ಬರ ಹಾಕುವ ಮೊದಲು ನರ ನೋಡಿ

ಮೂರು ವರ್ಷದ ಹಿಂದೆ ಭತ್ತ ಕೊಯ್ದ ಗದ್ದೆಯಲ್ಲಿ ಎರಡು ಗುಂಟೆ ಬೆಂಡೆ ಹಾಕಿದ್ದೆ. ನಮ್ಮದು ಕುಮಟಾ ಕಡೆ, ಅಘನಾಶಿನಿ ಹೊಳೆಯಿಂದ ಜಾಸ್ತಿ ದೂರವಿಲ್ಲ. ಒಂದು ತಿಂಗಳು ಗಿಡಗಳು ದೃಷ್ಟಿ ತೆಗೆಯಬೇಕು ಅನ್ನುವಷ್ಟು ಚೆಂದ ಇದ್ದವು. ಆಮೇಲೆ ಅಲ್ಲೊಂದು ಇಲ್ಲೊಂದು ಗಿಡದ ತುದಿ ಎಲೆ ಹಳದಿಗೆ ತಿರುಗಿತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಬುಡಕ್ಕೆ ಒಂದೊಂದು ಚಿಟಿಕೆ ಯೂರಿಯಾ ಹಾಕಿದೆ. ಹಳದಿ ಹೋಗಲಿಲ್ಲ. ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ‘ಕಬ್ಬಿಣ ಕಡಿಮೆ’ ಅಂತ ಒಂದು ಪೊಟ್ಟಣ ಕೊಟ್ಟರು. ಅದನ್ನೂ ಹೊಡೆದೆ. ಹದಿನೈದು ದಿನದಲ್ಲಿ ಅರ್ಧ ಗದ್ದೆ ಅರಿಸಿನ ಬಳಿದ ಹಾಗಾಯ್ತು.

ಕುಮಟಾ ಪೇಟೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಅಜ್ಜಿಯೊಬ್ಬರಿದ್ದಾರೆ. ಅವರ ಬುಟ್ಟಿಯ ಪಕ್ಕ ಕೂತು ನಾಲ್ಕು ಎಲೆ ತೋರಿಸಿದೆ. ಅವರು ಎಲೆಯ ಮುಖ ನೋಡಲೇ ಇಲ್ಲ. ತಿರುಗಿಸಿ ಬೆನ್ನು ನೋಡಿದರು, ಆಮೇಲೆ ಬಿಸಿಲಿಗೆ ಎತ್ತಿ ಹಿಡಿದರು. ‘ಇದು ಹಸಿವೆ ಅಲ್ಲ ತಮಾ, ಜಡ್ಡು. ಹಸಿದ ಗಿಡದ ನರ ಹಸಿರೇ ಇರ್ತದೆ’ ಅಂದರು.

ಅವರು ಹೇಳಿದ್ದು ಇಷ್ಟೇ. ಆಮೇಲೆ ನಾನು ಓದಿದ್ದು, ಕೇಳಿದ್ದು, ಕೈಸುಟ್ಟುಕೊಂಡು ಕಲಿತದ್ದು ಎಲ್ಲ ಈ ಮಾತಿನ ಸುತ್ತಲೇ ನಿಂತಿದೆ. ಹಾಗಾಗಿ ಇಲ್ಲಿಯೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿಯಿರಿ

ಬೆಳಿಗ್ಗೆ ಏಳು-ಎಂಟರ ಹೊತ್ತಿಗೆ ಹೋಗಿ. ಒಂದು ಗಿಡದಿಂದ ಎರಡು ಎಲೆ ಬೇಕು. ಒಂದು ತುದಿಯದ್ದು, ಒಂದು ಬುಡದ್ದು. ಹಳದಿ ಎಲ್ಲಿ ಶುರುವಾಗಿದೆ ಅನ್ನುವುದು ಅರ್ಧ ಉತ್ತರ. ಎಲೆಯೊಳಗೆ ನರ ಹಳದಿಯೋ, ನರಗಳ ನಡುವಿನ ಜಾಗ ಹಳದಿಯೋ ಅನ್ನುವುದು ಇನ್ನರ್ಧ. ಎರಡನ್ನೂ ಬರೆದಿಟ್ಟುಕೊಳ್ಳಿ. ನೆನಪಿನಲ್ಲಿ ಇರ್ತದೆ ಅಂದುಕೊಂಡರೆ ಅಂಗಡಿಗೆ ಹೋಗುವಷ್ಟರಲ್ಲಿ ಎರಡೂ ಕಲಸಿಹೋಗುತ್ತವೆ, ಅವರು ಕೊಟ್ಟಿದ್ದನ್ನು ತರುತ್ತೀರಿ.

ಹೊತ್ತು ಏರಿದ ಮೇಲೆ ನೋಡಬೇಡಿ. ನಮ್ಮ ಕರಾವಳಿ ಬಿಸಿಲಿಗೆ ಮಧ್ಯಾಹ್ನ ಒಳ್ಳೆಯ ಗಿಡವೂ ಎಲೆ ಇಳಿಬಿಟ್ಟು ಅಳುಮುಖ ಮಾಡುತ್ತದೆ.

ನರವೇ ಹಳದಿಯಾಗಿದ್ದರೆ

ಎಲೆಯನ್ನು ಬಿಸಿಲಿಗೆ ಹಿಡಿದಾಗ ಮೀನಿನ ಬಲೆ ಹರಡಿದ ಹಾಗೆ ಹಳದಿ ಗೆರೆಗಳು ಕಾಣುತ್ತವೆ. ದಪ್ಪ ನರ, ಸಣ್ಣ ನರ, ಅದರ ಕವಲು ಎಲ್ಲ ಹಳದಿ. ಬಲೆಯ ಕಣ್ಣುಗಳಲ್ಲಿ ಮಾತ್ರ ಹಸಿರು ಉಳಿದಿರುತ್ತದೆ. ರೋಗ ಬಲಿತಂತೆ ಆ ಕಣ್ಣೂ ಹಳದಿಯಾಗುತ್ತದೆ. ಹೊಸ ಎಲೆ ಚಿಕ್ಕದಾಗಿ ಬರುತ್ತದೆ. ಕಾಯಿ ಸಣ್ಣ, ಬಿಳಿಚಿದ ಹಳದಿ, ಮುಟ್ಟಿದರೆ ಗಟ್ಟಿ. ಇದು ಹಳದಿ ನರದ ನಂಜುರೋಗ. ವೈರಸ್ಸಿನಿಂದ ಬರುವುದು.

ಇದೇನು ಹೊಸ ಪೀಡೆಯಲ್ಲ. 1924ರಲ್ಲೇ ಮುಂಬಯಿ ಪ್ರಾಂತದಲ್ಲಿ ಇದನ್ನು ಮೊದಲು ಗುರುತಿಸಿ ಬರೆದಿಟ್ಟಿದ್ದಾರೆ. ನಮ್ಮ ಜಿಲ್ಲೆಯೂ ಆಗ ಅದೇ ಪ್ರಾಂತದಲ್ಲಿತ್ತು.

ಹರಡುವುದು ಬಿಳಿನೊಣ. ನೊಣ ಅಂದರೆ ದೊಡ್ಡದು ಅಂದುಕೊಳ್ಳಬೇಡಿ, ಅಕ್ಕಿ ನುಚ್ಚಿನ ಚೂರಿಗಿಂತ ಸಣ್ಣದು. ಗಿಡವನ್ನು ಮೆಲ್ಲಗೆ ಅಲುಗಿಸಿದರೆ ಎಲೆಯ ಅಡಿಯಿಂದ ಹಿಟ್ಟು ಹಾರಿದ ಹಾಗೆ ಎದ್ದು, ಎರಡು ಕ್ಷಣದಲ್ಲಿ ಮತ್ತೆ ಅಲ್ಲೇ ಕೂರುತ್ತದೆ. ರೋಗದ ಗಿಡದ ರಸ ಹೀರಿ ಪಕ್ಕದ ಗಿಡಕ್ಕೆ ಹೋದರೆ ಮುಗಿಯಿತು. ಹಳದಿ ನಮ್ಮ ಕಣ್ಣಿಗೆ ಬೀಳುವುದಕ್ಕೆ ಎಷ್ಟೋ ದಿನ ಮೊದಲೇ ನಂಜು ಒಳಗೆ ಸೇರಿರುತ್ತದೆ. ಹಾಗಾಗಿ ಹಳದಿ ಕಂಡ ಮೇಲೆ ಆ ಗಿಡಕ್ಕೆ ಏನು ಹೊಡೆದರೂ ಗುಣವಾಗುವುದಿಲ್ಲ. ನಾನು ಹಾಕಿದ ಯೂರಿಯಾದಿಂದ ಆದದ್ದು ಒಂದೇ, ಎಲೆ ಮೆತ್ತಗಾಗಿ ಬಿಳಿನೊಣಕ್ಕೆ ಹಬ್ಬವಾಯ್ತು.

ಹಾಗಾದರೆ ಏನು ಮಾಡಬೇಕು? ಗಿಡದ ವಯಸ್ಸು ನೋಡಿ. ಬಿತ್ತಿ 35-40 ದಿನದೊಳಗೆ ಹಳದಿ ಬಂದಿದ್ದರೆ ಆ ಗಿಡದಿಂದ ಕಾಯಿಯ ಆಸೆ ಬಿಡಿ, ಕಿತ್ತುಬಿಡಿ. ಕೀಳುವುದಕ್ಕೂ ಒಂದು ಕ್ರಮವಿದೆ. ಸುಮ್ನೆ ಎಳೆದರೆ ನೊಣಗಳೆಲ್ಲ ಎದ್ದು ಪಕ್ಕದ ಗಿಡಕ್ಕೆ ಹೋಗುತ್ತವೆ. ಹಿಂದಿನ ಸಂಜೆ ಬೇವಿನೆಣ್ಣೆ ಹೊಡೆದು, ಬೆಳಿಗ್ಗೆ ತಂಪಿರುವಾಗ ಗಿಡದ ಮೇಲೆ ಖಾಲಿ ಸಿಮೆಂಟ್ ಚೀಲ ಮುಚ್ಚಿ, ಚೀಲದ ಸಮೇತ ಕಿತ್ತು ಆಚೆ ಒಯ್ದು ಸುಡಿ. ಎರಡು ತಿಂಗಳು ದಾಟಿದ ಗಿಡಕ್ಕೆ ಬಂದಿದ್ದರೆ ನಾನಂತೂ ಕೀಳುವುದಿಲ್ಲ. ಸಿಕ್ಕಷ್ಟು ಕಾಯಿ ಕೊಯ್ಯುತ್ತೇನೆ. ಈ ವೈರಸ್ ಗಿಡದ್ದು, ಮನುಷ್ಯರಿಗೆ ಏನೂ ಮಾಡುವುದಿಲ್ಲ. ಕಾಯಿ ನಾರಾಗಿರುತ್ತದೆ ಅಷ್ಟೇ. ಆದರೆ ಪಕ್ಕದಲ್ಲಿ ಎಳೆ ಬೆಂಡೆ ಇದ್ದರೆ ಈ ದಯೆ ಬೇಡ.

ಬೇವಿನೆಣ್ಣೆ ಲೀಟರ್ ನೀರಿಗೆ 5 ಮಿಲಿ, ಬೆರೆಯಲು ಚೂರು ಸೋಪಿನ ನೀರು. ಸಂಜೆ ಹೊಡೆಯಬೇಕು, ಎಲೆಯ ಅಡಿಗೆ ಹೊಡೆಯಬೇಕು. ಮೇಲಿಂದ ಸ್ನಾನ ಮಾಡಿಸಿದರೆ ಪ್ರಯೋಜನವಿಲ್ಲ. ಹಳೆ ಡಬ್ಬದ ತಗಡಿಗೆ ಹಳದಿ ಬಣ್ಣ ಬಳಿದು ಹರಳೆಣ್ಣೆ ಸವರಿ ಗಿಡದ ಎತ್ತರಕ್ಕೆ ನೇತುಹಾಕಿದರೆ ನೊಣ ಅಂಟಿಕೊಳ್ಳುತ್ತದೆ. ಅದರಿಂದ ನೊಣ ಮುಗಿಯುತ್ತದೆ ಅಂತಲ್ಲ, ಎಷ್ಟಿದೆ ಅಂತ ಲೆಕ್ಕ ಸಿಗುತ್ತದೆ. ಬೇಲಿ ಬದಿಯ ಕಳೆ ಸವರುವುದನ್ನು ಮರೆಯಬೇಡಿ. ಬೆಂಡೆ ಇಲ್ಲದ ದಿನಗಳಲ್ಲಿ ನೊಣ ಅಲ್ಲೇ ಸಂಸಾರ ಮಾಡಿಕೊಂಡಿರುತ್ತದೆ.

ಒಂದು ಸಮಾಧಾನ, ಈ ನಂಜು ಮಣ್ಣಿನಲ್ಲಿ ಉಳಿಯುವುದಿಲ್ಲ. ಬೀಜದಿಂದ ಬಂತು ಅಂತ ಬೀಜ ಮಾರಿದವರ ಜೊತೆ ಜಗಳಕ್ಕೆ ಹೋಗುವುದೂ ಬೇಡ. ಬೀಜದಲ್ಲಿ ನೋಡಬೇಕಾದದ್ದು ತಳಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ, ಮಹಾರಾಷ್ಟ್ರದ ಪರ್ಭಣಿ ಕ್ರಾಂತಿ ಈ ರೋಗವನ್ನು ತಡೆದುಕೊಳ್ಳಲೆಂದೇ ಮಾಡಿದ ತಳಿಗಳು. ಎರಡಕ್ಕೂ ಆ ಗಟ್ಟಿತನ ಬಂದದ್ದು ಬೆಂಡೆಯ ಕಾಡು ನೆಂಟರಿಂದ. ಆದರೆ ತಡೆಯುವ ಶಕ್ತಿ ಶಾಶ್ವತವಲ್ಲ. ಒಂದು ಕಾಲಕ್ಕೆ ಪೂಸಾ ಸಾವನಿಯನ್ನೂ ಹೀಗೇ ಹೊಗಳುತ್ತಿದ್ದರು, ಈಗ ಅದಕ್ಕೆ ಧಾರಾಳವಾಗಿ ರೋಗ ಬರುತ್ತದೆ. ನಮ್ಮ ಊರಿನ ಹಾಲುಬೆಂಡೆಯ ಮೇಲೆ ನನಗೆ ಪ್ರೀತಿ ಜಾಸ್ತಿ. ಉದ್ದ, ಬಿಳಿ, ಬಲಿತರೂ ಬೇಗ ನಾರಾಗುವುದಿಲ್ಲ. ಅದನ್ನು ಮಳೆಗಾಲಕ್ಕೆ ಇಟ್ಟುಕೊಂಡಿದ್ದೇನೆ. ಜಡಿಮಳೆಯಲ್ಲಿ ಬಿಳಿನೊಣದ ಆಟ ನಡೆಯುವುದಿಲ್ಲ. ಫೆಬ್ರವರಿ-ಮಾರ್ಚ್ ಬಿಸಿಲಿನ ಬೆಳೆಗೆ ಅನಾಮಿಕಾ ಹಾಕುತ್ತೇನೆ.

ನರ ಹಸಿರು, ನಡುವೆ ಹಳದಿ

ಇದು ಅಜ್ಜಿ ಹೇಳಿದ ‘ಹಸಿವೆ’. ಇದರಲ್ಲಿ ನಾನು ಎರಡನೇ ಸಲ ಮೋಸ ಹೋದೆ. ಮರುವರ್ಷ ಜುಲೈಯಲ್ಲಿ ಹಿತ್ತಲಿನ ಬೆಂಡೆ ಹಳದಿಯಾಯ್ತು. ಹಿಂದಿನ ವರ್ಷದ ಪಾಠ ತಲೆಯಲ್ಲಿತ್ತಲ್ಲ, ನರ ನೋಡದೆ ಇಪ್ಪತ್ತು ಗಿಡ ಕಿತ್ತೆ. ಕಿತ್ತ ಮೇಲೆ ಬೇರು ನೋಡಿದರೆ ಕಪ್ಪಾಗಿ, ಚರಂಡಿ ವಾಸನೆ ಹೊಡೆಯುತ್ತಿತ್ತು. ಎಲೆಯ ನರ ಮಾತ್ರ ಹಸಿರು! ಗಿಡಗಳಿಗೆ ರೋಗವೇ ಇರಲಿಲ್ಲ, ನೀರು ನಿಂತು ಉಸಿರು ಕಟ್ಟಿತ್ತು. ಒಂದು ಅಡಿ ಏರುಮಡಿ ಮಾಡಿ, ನಡುವೆ ನೀರು ಬಸಿಯಲು ಕಾಲುವೆ ತೆಗೆದಿದ್ದರೆ ಅಷ್ಟೂ ಉಳಿಯುತ್ತಿದ್ದವು.

ಹಾಗಾಗಿ ಮಳೆಗಾಲದಲ್ಲಿ ಹಳದಿ ಕಂಡರೆ ಮೊದಲು ಗಿಡದಿಂದ ಒಂದು ಗೇಣು ಆಚೆ ಸಣ್ಣ ಗುಂಡಿ ತೋಡಿ. ಮಳೆ ನಿಂತು ಎರಡು ಮೂರು ಗಂಟೆಯಾದರೂ ಗುಂಡಿಯಲ್ಲಿ ನೀರಿದ್ದರೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ನೀರನ್ನು ಆಚೆ ಕಳಿಸುವುದೇ ಇಲ್ಲಿಯ ಮೊದಲ ಗೊಬ್ಬರ.

ನೀರು ನಿಂತಿಲ್ಲ ಅಂದಾಗ ಮಾತ್ರ ಪೋಷಕಾಂಶದ ಕಡೆ ಬನ್ನಿ.

ಬುಡದ ಎಲೆ (ಇದೊಂದರಲ್ಲಿ ನರವೂ ಸೇರಿ) ಪೂರ್ತಿ ಬಿಳಿಚಿದ ಹಳದಿ, ಗಿಡ ಗಿಡ್ಡ, ತುದಿ ಎಲೆ ಹಸಿರು ಅಂದರೆ ಸಾರಜನಕ ಸಾಲದು. ಯೂರಿಯಾಕ್ಕೆ ಕೆಲಸ ಇರುವುದು ಇಲ್ಲಿ ಮಾತ್ರ. ಹತ್ತು ಪಾಲು ನೀರಿಗೆ ಒಂದು ಪಾಲು ಗೋಮೂತ್ರ ಬೆರೆಸಿ ಬುಡಕ್ಕೆ ಹಾಕಿದರೂ ನಡೆಯುತ್ತದೆ. ಬುಡದ ಎಲೆಯಲ್ಲೇ ನರ ಹಸಿರಾಗಿದ್ದು ನಡುವೆ ಹಳದಿಯಾಗಿದ್ದರೆ ಮೆಗ್ನೀಸಿಯಂ ಕಡಿಮೆ. ಚಿರೇಕಲ್ಲಿನ ಕೆಂಪು ಮಣ್ಣಿನಿಂದ ಮಳೆ ಇದನ್ನು ತೊಳೆದುಕೊಂಡು ಹೋಗುತ್ತದೆ, ಹಾಗಾಗಿ ನಮ್ಮ ಕಡೆ ಇದು ಸಾಮಾನ್ಯ. ಮೆಗ್ನೀಸಿಯಂ ಸಲ್ಫೇಟ್ ಲೀಟರಿಗೆ 5 ಗ್ರಾಂ ಕರಗಿಸಿ ಎಲೆಗೆ ಸಿಂಪಡಿಸಿ. ತುದಿಯ ಎಳೆ ಎಲೆಯಲ್ಲಿ ನರ ಹಸಿರಾಗಿ ಉಳಿದು, ನಡುವಿನ ಜಾಗ ಬಿಳಿಯಾಗುವಷ್ಟು ಬಿಳಿಚಿದ್ದರೆ ಅದು ಕಬ್ಬಿಣ. ನಮ್ಮ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಮಣ್ಣು ಕೆಂಪಾಗಿರುವುದೇ ಅದರಿಂದ. ಆದರೂ ಗಿಡಕ್ಕೆ ಸಿಗದೇ ಹೋದರೆ ಮಣ್ಣಿಗೆ ಸುಣ್ಣ ಮಿತಿಮೀರಿದೆ ಅಂತ ಅರ್ಥ. ಹೊಸ ಮನೆ ಕಟ್ಟಿದ ಪಕ್ಕ, ಸಿಮೆಂಟ್ ಚೂರು ಬಿದ್ದ ಹಿತ್ತಲಲ್ಲಿ ಇದನ್ನು ನೋಡಿದ್ದೇನೆ.

ಸುಣ್ಣದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಮಣ್ಣು ಹುಳಿ, ಬೆಂಡೆಗೆ ಅಷ್ಟು ಹುಳಿ ಆಗುವುದಿಲ್ಲ. ರಸಸಾರ (ಹುಳಿಯ ಅಳತೆ, pH) 6ರಿಂದ 6.8ರ ನಡುವೆ ಇದ್ದರೆ ಅದು ಖುಷಿಯಾಗಿರುತ್ತದೆ. ಚಿಪ್ಪಿನ ಸುಣ್ಣ ಹಾಕುವ ರೂಢಿ ಒಳ್ಳೆಯದೇ. ಆದರೆ ಬಿತ್ತುವುದಕ್ಕೆ ಎರಡು ಮೂರು ವಾರ ಮೊದಲು ಹಾಕಬೇಕು. ಕೊಟ್ಟಿಗೆ ಗೊಬ್ಬರದ ಜೊತೆ ಒಂದೇ ದಿನ ಬೆರೆಸಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಗುಂಟೆಗೆ ಎಷ್ಟು ಅಂತ ಕೇಳಬೇಡಿ. ಮಣ್ಣು ಪರೀಕ್ಷೆ ಮಾಡಿಸದೆ ಅದನ್ನು ಹೇಳುವವರ ಮಾತನ್ನೂ ಕೇಳಬೇಡಿ.

ಅಂಚು ಸುಟ್ಟಿದ್ದರೆ ಹುಳವೋ, ಉಪ್ಪೋ?

ಎಲೆಯ ಅಂಚು ಮೇಲಕ್ಕೆ ದೊನ್ನೆಯ ಹಾಗೆ ಮಡಚಿಕೊಂಡು, ಮೊದಲು ಹಳದಿ, ಆಮೇಲೆ ಕಂದಾಗಿ ಸುಟ್ಟರೆ ಹಸಿರು ಜಿಗಿಹುಳು. ಎಲೆ ತಿರುಗಿಸಿ ನೋಡಿ. ತಿಳಿ ಹಸಿರಿನ ಸಣ್ಣ ಹುಳ ಮುಂದಕ್ಕೆ ಹೋಗದೆ ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ. ಆ ಅಡ್ಡ ಓಟವೇ ಗುರುತು. ಇದಕ್ಕೂ ಬೇವೇ. ಬೀಜದ ಹಿಟ್ಟು ಸಿಕ್ಕಿದರೆ ಲೀಟರಿಗೆ 50 ಗ್ರಾಂ ರಾತ್ರಿ ನೆನೆಸಿ, ಸೋಸಿ ಹೊಡೆಯಿರಿ.

ಅಂಚು ಸುಟ್ಟಿದೆ, ಆದರೆ ಮಡಚಿಲ್ಲ, ಹುಳವೂ ಇಲ್ಲ. ಆಗ ಬಾವಿ ನೀರು ಬಾಯಿಗೆ ಹಾಕಿ ನೋಡಿ. ಹೊಳೆಬಾಯಿ, ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಹತ್ತಿರದ ಬಾವಿಗಳಲ್ಲಿ ಏಪ್ರಿಲ್ ಹೊತ್ತಿಗೆ ಉಪ್ಪು ಏರುತ್ತದೆ. ನಮ್ಮ ಮನೆಯ ಬಾವಿಯೂ ಹಾಗೇ. ಯುಗಾದಿ ಹೊತ್ತಿಗೆ ಚಹಾದ ರುಚಿ ಬದಲಾಯ್ತು ಅಂತ ಅಮ್ಮ ಅಂದರೆ ನಾನು ಬೆಂಡೆಗೆ ಆ ನೀರು ನಿಲ್ಲಿಸುತ್ತೇನೆ. ಬೇರೆ ನೀರಿಲ್ಲದಿದ್ದರೆ ದಿನಾ ಚೂರು ಚೂರು ಹಾಕುವುದಕ್ಕಿಂತ ನಾಲ್ಕು ದಿನಕ್ಕೊಮ್ಮೆ ಧಾರಾಳವಾಗಿ ಹಾಕುವುದು ವಾಸಿ, ಉಪ್ಪು ಬೇರಿನಿಂದ ಕೆಳಗಿಳಿಯುತ್ತದೆ. ಬುಡಕ್ಕೆ ದಪ್ಪಗೆ ದರಕು (ಒಣ ಎಲೆ) ಹೊದೆಸಿ. ಮಣ್ಣು ಒಣಗಿದಷ್ಟೂ ಉಪ್ಪು ಮೇಲೆ ಬರುತ್ತದೆ.

ಎಲೆಯ ಮೇಲೆ ರಂಗೋಲಿ ಹಿಟ್ಟು ಚೆಲ್ಲಿದ ಹಾಗಿದ್ದರೆ ಬೂದಿ ರೋಗ. ಇದು ಘಟ್ಟದ ಮೇಲಿನವರಿಗೆ ಜಾಸ್ತಿ. ಶಿರಸಿ ಹತ್ತಿರ ಇರುವ ಅಕ್ಕನ ಮನೆಯಲ್ಲಿ ಡಿಸೆಂಬರಿನ ಇಬ್ಬನಿ ಬಂತು ಅಂದರೆ ಇದೂ ಬಂತು. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ ಸಾಕು. ಬೇವಿನೆಣ್ಣೆ ಹೊಡೆದು ಎರಡು ವಾರ ಆಗುವವರೆಗೆ ಮಾತ್ರ ಗಂಧಕ ಮುಟ್ಟಬೇಡಿ, ಎರಡೂ ಸೇರಿದರೆ ಎಲೆ ಸುಡುತ್ತದೆ. ಭಾವ ಒಂದು ಸಲ ಎರಡನ್ನೂ ಒಟ್ಟಿಗೆ ಹೊಡೆದು, ಆಮೇಲೆ ‘ನಿನ್ನ ಬೇವಿನೆಣ್ಣೆ ಸರಿ ಇಲ್ಲ’ ಅಂತ ನನಗೇ ಫೋನ್ ಮಾಡಿದ್ದರು.

ಗಿಡವೇ ಬಾಡುತ್ತಿದ್ದರೆ

ಬೆಳಿಗ್ಗೆ ನೆಟ್ಟಗೆ, ಮಧ್ಯಾಹ್ನ ಬಾಡಿ, ಸಂಜೆ ಮತ್ತೆ ನೆಟ್ಟಗೆ. ನೀರು ಹಾಕಿದರೂ ದಿನಾ ಇದೇ ಆಟ, ಗಿಡ ಏಳಿಗೆಯಾಗುವುದಿಲ್ಲ. ಒಂದು ಗಿಡವನ್ನು ಮಣ್ಣಿನ ಸಮೇತ ಅಗೆದು ಬಕೆಟ್ ನೀರಿನಲ್ಲಿ ತೊಳೆಯಿರಿ. ಬೇರಿನ ತುಂಬ ಗಂಟು ಗಂಟು, ಶುಂಠಿಯ ಮರಿಗಳ ಹಾಗಿದ್ದರೆ ಬೇರುಗಂಟಿನ ಜಂತುಹುಳು. ಬೆಂಡೆಗೆ ಇದು ಬಹಳ ಇಷ್ಟ. ಬದನೆ, ಟೊಮೇಟೊಗೂ ಬರುತ್ತದೆ, ಹಾಗಾಗಿ ಬೆಂಡೆ ತೆಗೆದ ಜಾಗಕ್ಕೆ ಬದನೆ ಹಾಕಿದರೆ ಪರಿಹಾರವಲ್ಲ.

ಈ ವಿಷಯದಲ್ಲಿ ಗದ್ದೆ ಇದ್ದವರು ಪುಣ್ಯವಂತರು. ಮಳೆಗಾಲವಿಡೀ ಭತ್ತಕ್ಕೆ ನೀರು ನಿಂತರೆ ಈ ಹುಳ ಬಹಳಷ್ಟು ಸಾಯುತ್ತದೆ. ತೊಂದರೆ ಇರುವುದು ವರ್ಷವಿಡೀ ತರಕಾರಿ ಬೆಳೆಯುವ ಹಿತ್ತಲಿಗೆ, ಅದರಲ್ಲೂ ಮರಳು ಮಣ್ಣಿನ ಹಿತ್ತಲಿಗೆ. ಒಂದು ಹಂಗಾಮು ಗೊಂಡೆ ಹೂ (ಚೆಂಡು ಹೂ) ಹಾಕಿ. ನವರಾತ್ರಿ, ದೀಪಾವಳಿಗೆ ಹೂವೂ ಆಯ್ತು, ಹುಳವೂ ಕಡಿಮೆಯಾಯ್ತು.

ಬೀಜ ಏಳದಿದ್ದರೆ

ಬೀಜದ ತಪ್ಪೋ ನೆಲದ ತಪ್ಪೋ ತಿಳಿಯಲು ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಲೆಯ ಹತ್ತಿರ ಇಡಿ. ವಾರದೊಳಗೆ ಏಳೆಂಟು ಮೊಳೆತರೆ ಬೀಜ ಸರಿ ಇದೆ. ಆಗ ತಪ್ಪು ತಂಪಿನದ್ದು, ಇಲ್ಲವೇ ಆಳದ್ದು. ಬೆಂಡೆಗೆ ಬೆಚ್ಚಗಿನ ಮಣ್ಣು ಬೇಕು. ಡಿಸೆಂಬರಿನಲ್ಲಿ ಕಾರವಾರದಲ್ಲಿ ಐದು ದಿನಕ್ಕೆ ಏಳುವ ಬೀಜ ಶಿರಸಿಯಲ್ಲಿ ಹತ್ತು ದಿನವಾದರೂ ಮಲಗಿರಬಹುದು. ಎರಡು ಸೆಂಟಿಮೀಟರಿಗಿಂತ ಆಳ ಬೇಡ. ರಾತ್ರಿ ನೆನೆಸಿ ಬಿತ್ತಿದರೆ ಬೇಗ ಏಳುತ್ತದೆ, ಆದರೆ ಬಣ್ಣ ಹಚ್ಚಿದ ಪ್ಯಾಕೆಟ್ ಬೀಜ ನೆನೆಸಬೇಡಿ. ಆ ಬಣ್ಣದಲ್ಲಿ ಔಷಧ ಇರುತ್ತದೆ, ಬರಿಗೈಯಲ್ಲಿ ಮುಟ್ಟಲೂಬಾರದು.

ಎದ್ದ ಸಸಿ ರಾತ್ರೋರಾತ್ರಿ ಮಾಯವಾದರೆ ನೆಲದ ಮೇಲೆ ಹೊಳೆಯುವ ಲೋಳೆಯ ಗೆರೆ ಇದೆಯಾ ನೋಡಿ. ಇದ್ದರೆ ಬಸವನಹುಳು. ಗೆರೆ ಇಲ್ಲದೆ ಸಾಲಿಗೆ ಸಾಲೇ ಕಿತ್ತು ಬಿಸಾಡಿದ್ದರೆ ಮಂಗ. ಅದಕ್ಕೆ ನನ್ನ ಹತ್ತಿರ ಯಾವ ಪರಿಹಾರವೂ ಇಲ್ಲ, ನಿಮ್ಮ ಹತ್ತಿರ ಇದ್ದರೆ ಜಿಲ್ಲೆಗೇ ಹೇಳಿ.

ಹೂ ಬಂತು, ಕಾಯಿ ಸರಿ ಇಲ್ಲ

ಬಿತ್ತಿ 40-45 ದಿನಕ್ಕೆ ಮೊದಲ ಹೂ ಬರಬೇಕು. ಗಿಡ ಆಳೆತ್ತರ, ಎಲೆ ಬಾಳೆ ಎಲೆಯ ಅಂದ, ಹೂವೇ ಇಲ್ಲ ಅಂದರೆ ಹೆಚ್ಚಾಗಿ ಎರಡೇ ಕಾರಣ. ಗೊಬ್ಬರ ಜಾಸ್ತಿಯಾಗಿರಬೇಕು, ಇಲ್ಲ ತೆಂಗಿನ ನೆರಳು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳದ ಜಾಗದಲ್ಲಿ ಬೆಂಡೆ ಹಾಕುವ ಬದಲು ಕೆಸು ಹಾಕಿ.

ಎಳೆ ಗಿಡದ ತುದಿ ಮಾತ್ರ ಬಾಡಿ ಜೋತುಬಿದ್ದರೆ, ಅಥವಾ ಕಾಯಿಯಲ್ಲಿ ತೂತು, ತೂತಿನ ಬಾಯಲ್ಲಿ ಒದ್ದೆ ಹಿಕ್ಕೆ ಕಂಡರೆ ಕಾಯಿಕೊರಕ. ಬಾಡಿದ ತುದಿಯನ್ನು ಎರಡು ಬೆರಳು ಕೆಳಗೆ ಚಿವುಟಿ, ಸೀಳಿ ನೋಡಿ. ಒಳಗೆ ಹುಳ ಇದ್ದೇ ಇರುತ್ತದೆ. ತುದಿ ಮತ್ತು ತೂತಿನ ಕಾಯಿಗಳನ್ನು ಅಲ್ಲೇ ಬಿಸಾಡದೆ ಸೋಪಿನ ನೀರಿಗೆ ಹಾಕಿ. ವಾರಕ್ಕೆರಡು ಸಲ ಇದನ್ನು ಮಾಡಿದರೆ ಮನೆ ಮಟ್ಟದ ಬೆಳೆಗೆ ಔಷಧವೇ ಬೇಡ. ಕಾಯಿ ಕೊಕ್ಕೆಯ ಹಾಗೆ ಬಾಗಿ, ಬಾಗಿದ ಕಡೆ ಸಣ್ಣ ಗುಳ್ಳೆ ಎದ್ದಿದ್ದರೆ ತಿಗಣೆ ಚುಚ್ಚಿದೆ. ತಿನ್ನಲು ಅಡ್ಡಿಯಿಲ್ಲ.

ಕಾಯಿ ನಾರು ಅನ್ನುವ ದೂರಿಗೆ ಬಹಳ ಸಲ ಗಿಡದ ತಪ್ಪೇ ಇರುವುದಿಲ್ಲ. ಹೂ ಅರಳಿ ಐದಾರು ದಿನಕ್ಕೆ ಕೊಯ್ಯಬೇಕು. ದಿನ ಬಿಟ್ಟು ದಿನ ಕೊಯ್ಯಿರಿ. ಭಾನುವಾರ ಮಾತ್ರ ಹಿತ್ತಲಿಗೆ ಹೋಗುವವರಿಗೆ ಎಳೆ ಬೆಂಡೆ ಸಿಗುವುದು ಹೇಗೆ? ಬಲಿತ ಕಾಯಿ ಗಿಡದಲ್ಲೇ ಉಳಿದರೆ ಹೊಸ ಹೂ ಬರುವುದೂ ನಿಧಾನವಾಗುತ್ತದೆ.

ದೋಷವಲ್ಲದ ದೋಷಗಳು

ಎಲೆಯ ಅಡಿಯಲ್ಲಿ, ಕಾಂಡದ ಮೇಲೆ ಸಾಸಿವೆಗಿಂತ ಸಣ್ಣ, ಗಾಜಿನಂಥ ಹನಿಗಳು ಕಾಣುತ್ತವೆ. ಹುಳದ ಮೊಟ್ಟೆ ಅಂತ ಔಷಧ ಹೊಡೆದವರನ್ನು ನೋಡಿದ್ದೇನೆ. ಬೆರಳಿನಲ್ಲಿ ಒರೆಸಿ ನೋಡಿ, ಹೋಗುತ್ತದೆ. ಅದು ಗಿಡವೇ ಹೊರಹಾಕುವ ಸಿಹಿ ಅಂಶ. ಇರುವೆ ಬರುವುದೂ ಅದಕ್ಕೇ. ಇರುವೆಯ ಜೊತೆ ಗಿಡದ ಹೇನು ಇದ್ದರೆ ಮಾತ್ರ ಕೆಲಸ ಇದೆ.

ಬೆಳಿಗ್ಗೆ ಅರಳಿದ ಹೂ ಮಧ್ಯಾಹ್ನಕ್ಕೆ ಮುದುಡಿ ಮರುದಿನ ಉದುರುವುದೂ ಸಹಜ. ಬೆಂಡೆ ದಾಸವಾಳದ ಮನೆತನದ್ದು, ಹೂವಿನ ಆಯಸ್ಸು ಒಂದೇ ದಿನ. ಕೊಯ್ಯುವಾಗ ಕೈ ತುರಿಸುವುದು ಗಿಡದ ಸಣ್ಣ ರೋಮದಿಂದ. ಉದ್ದ ತೋಳಿನ ಹಳೆ ಅಂಗಿ ಹಾಕಿಕೊಳ್ಳಿ.

ಬೆಂಡೆ ನೀರು ಮತ್ತು ಚಿಕ್ಕಿಯ ಶುಗರ್

ಗಿಡದ ದೋಷ ಹುಡುಕಲು ಕಲಿತ ಮೇಲೆ ನಮ್ಮ ಚಿಕ್ಕಿ (ಚಿಕ್ಕಮ್ಮ) ಇನ್ನೊಂದು ದೋಷ ತಂದರು. ಎರಡು ಬೆಂಡೆಕಾಯಿ ಸೀಳಿ ರಾತ್ರಿ ನೀರಲ್ಲಿ ಹಾಕಿ, ಬೆಳಿಗ್ಗೆ ಆ ಲೋಳೆ ನೀರು ಕುಡಿಯುತ್ತಿದ್ದರು. ಎರಡು ತಿಂಗಳಾಯ್ತು, ಶುಗರ್ ಇಳಿಯುವ ಬದಲು ಏರಿದೆ. ‘ನಿನ್ನ ಬೆಂಡೆಯಲ್ಲಿ ಏನೋ ದೋಷ ಇದೆ’ ಅಂತ ನನ್ನ ಮೇಲೆ ಆಪಾದನೆ.

ಅಜ್ಜಿಯ ಕ್ರಮದಲ್ಲೇ ಹೋದೆ, ಬೆನ್ನು ತಿರುಗಿಸಿ ನೋಡಿದೆ. ಅಂದರೆ ಮಾತ್ರೆಯ ಡಬ್ಬ ತೆಗೆಸಿದೆ. ಬೆಂಡೆ ನೀರು ಶುರು ಮಾಡಿದ ವಾರದಿಂದ ಅವರು ಮಾತ್ರೆಯನ್ನು ತಾವೇ ಅರ್ಧ ಮಾಡಿದ್ದರು! ದೋಷ ಅಲ್ಲಿತ್ತು.

ಬೆಂಡೆಯಲ್ಲಿ ಗುಣ ಇಲ್ಲ ಅಂತಲ್ಲ. ನೂರು ಗ್ರಾಂ ಹಸಿ ಬೆಂಡೆಯಲ್ಲಿ ಮೂರು ಗ್ರಾಮಿಗೂ ಸ್ವಲ್ಪ ಜಾಸ್ತಿ ನಾರು, ಸುಮಾರು 23 ಮಿಲಿಗ್ರಾಂ ಸಿ ಜೀವಸತ್ವ, ಜೊತೆಗೆ ಫೋಲೇಟ್ ಇದೆ. ಶಕ್ತಿ ಬರೀ 33 ಕ್ಯಾಲೊರಿ. ಲೋಳೆ ಕೂಡ ಒಂಥರಾ ನಾರೇ. ಹೊಟ್ಟೆಗೆ ತಂಪು, ಮಲಬದ್ಧತೆಗೆ ಒಳ್ಳೆಯದು ಅನ್ನುವ ಮನೆಮಾತಿಗೆ ನನ್ನ ತಕರಾರಿಲ್ಲ. ಆದರೆ ಶುಗರ್ ವಿಷಯದಲ್ಲಿ ಮನುಷ್ಯರ ಮೇಲೆ ಆಗಿರುವ ಪರೀಕ್ಷೆಗಳು ಚಿಕ್ಕವು, ಮಾತ್ರೆಯ ಬದಲಿಗೆ ನಿಲ್ಲುವಂಥವಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಇಲಿಗಳ ಮೇಲೆ ಮಾಡಿದ ಒಂದು ಪ್ರಯೋಗದಲ್ಲಿ ಬೆಂಡೆಯ ಲೋಳೆ ನೀರಿನ ಜೊತೆ ಶುಗರಿನ ಮಾತ್ರೆಯಾದ ಮೆಟ್‌ಫಾರ್ಮಿನ್ ಕೊಟ್ಟಾಗ ಆ ಮಾತ್ರೆ ದೇಹಕ್ಕೆ ಸೇರುವುದೇ ಕಡಿಮೆಯಾಯ್ತು. ಇಲಿಗೆ ಆದದ್ದು ನಮಗೂ ಆಗಬೇಕೆಂದಿಲ್ಲ. ಆದರೂ ಬೆಂಡೆ ನೀರಿನಲ್ಲೇ ಮಾತ್ರೆ ನುಂಗುವುದು ಬೇಡ, ಡಾಕ್ಟರ ಹತ್ತಿರ ಹೇಳಿಯೇ ಕುಡಿಯಿರಿ. ಕಿಡ್ನಿ ಕಲ್ಲು ಆದವರೂ ಕೇಳಿಕೊಳ್ಳಬೇಕು, ಬೆಂಡೆಯಲ್ಲಿ ಆಕ್ಸಲೇಟ್ ಇದೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಒಂದು ದಿನ ಅರ್ಧ ಕೆಜಿ, ಒಂದು ವಾರ ಏನೂ ಇಲ್ಲ ಅಂತ ಮಾಡಬಾರದು. ಅದರಲ್ಲಿರುವ ಕೆ ಜೀವಸತ್ವ ಮಾತ್ರೆಯ ಲೆಕ್ಕ ತಪ್ಪಿಸುತ್ತದೆ.

ಚಿಕ್ಕಿ ಈಗ ಮಾತ್ರೆ ಪೂರ್ತಿ ನುಂಗುತ್ತಾರೆ, ಬೆಂಡೆಯನ್ನು ಸಾಸಿವೆ (ಮೊಸರು ಬಜ್ಜಿಯಂಥ ಪದಾರ್ಥ) ಮಾಡಿ ಊಟದಲ್ಲಿ ತಿನ್ನುತ್ತಾರೆ. ಪಲ್ಯ ಲೋಳೆಯಾಗುತ್ತದೆ ಅನ್ನುವ ಅವರ ಸೊಸೆಯ ದೂರಿಗೂ ಉತ್ತರ ಇಲ್ಲೇ ಇದೆ. ತೊಳೆದು, ಬಟ್ಟೆಯಲ್ಲಿ ಒರೆಸಿ, ಆಮೇಲೆ ಹೆಚ್ಚಬೇಕು. ಮುಚ್ಚಳ ಹಾಕಬಾರದು, ಉಪ್ಪು ಕೊನೆಗೆ. ಹುಣಸೆಯೋ ಮುರುಗಲ (ಕೋಕಂ) ಸಿಪ್ಪೆಯೋ ಬಿದ್ದರೆ ಲೋಳೆ ಮುರಿಯುತ್ತದೆ.

ಅದೇ ಲೋಳೆ ಭಾವನಿಗೆ ಬೇಕು. ಘಟ್ಟದ ಮೇಲೆ ಆಲೆಮನೆ ಶುರುವಾದರೆ ನನಗೆ ಫೋನ್ ಬರುತ್ತದೆ. ಕೊಯ್ಲು ಮುಗಿದ ಬೆಂಡೆ ಗಿಡಗಳನ್ನು ಕತ್ತರಿಸಿ, ಕಾಂಡ ಜಜ್ಜಿ ನೀರಿನಲ್ಲಿ ಕಿವುಚಿ, ಆ ಲೋಳೆಯನ್ನು ಕುದಿಯುವ ಕಬ್ಬಿನ ಹಾಲಿಗೆ ಹಾಕುತ್ತಾರೆ. ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ. ಅದನ್ನು ಜಾಲರಿಯಲ್ಲಿ ತೆಗೆದು ಹೊರಗೆ ಚೆಲ್ಲುತ್ತಾರೆ, ಬೆಲ್ಲಕ್ಕೆ ಬಣ್ಣ ಬರುತ್ತದೆ. ಈ ವರ್ಷ ಎರಡು ಕಟ್ಟು ಗಿಡ ಬಸ್ಸಿಗೆ ಹಾಕುವ ಮೊದಲು ಭಾವ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: ‘ನರ ನೋಡಿದ್ಯಾ? ಹಳದಿಯದ್ದು ಒಂದೂ ಬೇಡ. ನನ್ನ ಹಿತ್ತಲಲ್ಲಿ ಈಗಷ್ಟೇ ಸಸಿ ಎದ್ದಿದೆ.’